ಇಪ್ಪತ್ತಮೂರನೇ ಬಾವುಟ

ಲಿಂಡಾಲ್, ಮಿನಿಸೋಟಾ
ಸೆಪ್ಟೆಂಬರ್, ಸೋಮವಾರ ಬೆಳಗ್ಗೆ

ಹಸಿರು ಬಿಟ್ಟರೆ ಬೇರೆ ಬಣ್ಣವೇ ಕಣ್ಣಿಗೆ ಕಾಣದ ಟಿಲ್ಮನ್‌ಗೆ,

ನಿನ್ನ ಪತ್ರ ಬಂದು ಇವತ್ತಿಗೆ ಹನ್ನೊಂದು ದಿನ. ಆರು ಹಾಳೆ, ಎರಡೂ ಮಗ್ಗುಲು. ಮೊಂಟಾನಾದಲ್ಲಿ ಕಾಗದಕ್ಕೇನೂ ಬರವಿಲ್ಲ ಅಂತ ಕಾಣುತ್ತದೆ. ಐದೂವರೆ ಹಾಳೆಯ ತುಂಬ ಟ್ರ್ಯಾಕ್ಟರೇ ಟ್ರ್ಯಾಕ್ಟರು. ನೀನು ಯಾರದೋ ಗುಜರಿಯಿಂದ ತಂದು, ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿದ ಆಗ ಓಡಿಸುತ್ತಿದ್ದಂಥದ್ದೇ ಹಳೆಯ ಹಸಿರು ಜಾನ್ ಡೀರ್ ಎ, ಅದರ ಎಚ್‌ಪಿ ಎಷ್ಟು, ಅದು ಎಳೆಯುವ ಭಾರ ಎಷ್ಟು, ಕೆಂಪು ಟ್ರ್ಯಾಕ್ಟರಿನವರೆಲ್ಲ ಎಂಥ ಮೂರ್ಖರು. ಕೊನೆಯ ಅರ್ಧ ಹಾಳೆಯಲ್ಲಿ ನಿನ್ನ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತೆಂಬ ಸುದ್ದಿ. ಅದಕ್ಕೂ ಕೆಳಗೆ, ಸಹಿ ಹಾಕಲು ಜಾಗ ಸಾಲದಂತೆ, ಈ ಮಾತು: ‘ಮನೆ ದೊಡ್ಡದು. ಚಳಿಗಾಲದಲ್ಲಿ ಒಬ್ಬನಿಗೋಸ್ಕರ ಒಲೆ ಉರಿಸೋದು ದಂಡ. ನೀನು ಬರ್ತೀಯಾ, ಆರ್ಡಿಸ್? ಪಾದ್ರಿ ಮುಂದೆ ನಿಂತು ಹೇಳ್ಬೇಕು ಅಂದ್ರೆ ಅದಕ್ಕೂ ನಾನು ತಯಾರು.’

ಅಯ್ಯೋ ನಿನ್ನ! ಎಂಬತ್ತೊಂದನೇ ವಯಸ್ಸಿನಲ್ಲಿ ಹೆಣ್ಣು ಕೇಳುವ ರೀತಿಯೇ ಇದು? ನಮ್ಮ ನಾರ್ವೆ ಮೂಲದ ಗಂಡಸರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ. ನನ್ನಪ್ಪ ಅಮ್ಮನಿಗೆ ಜೀವಮಾನದಲ್ಲಿ ಹೇಳಿದ ಅತಿ ದೊಡ್ಡ ಪ್ರೀತಿಯ ಮಾತು ‘ಇವತ್ತಿನ ಕಾಫಿ ಅಷ್ಟೇನೂ ಕೆಟ್ಟದಾಗಿಲ್ಲ’ ಎಂಬುದು. ಅವನಿಗೆ ಹೋಲಿಸಿದರೆ ನೀನು ಕವಿಯೇ ಬಿಡು. ನಾನು ಓದಿ ಗಟ್ಟಿಯಾಗಿ ನಕ್ಕೆ. ಆಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅತ್ತೆ. ಯಾಕೆ ಅತ್ತೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಿನಗೆ ಉತ್ತರ ಬೇಕು, ಗೊತ್ತು. ಆದರೆ ಅದಕ್ಕೆ ಮೊದಲು ನಾನು ನಿನಗೆ ಹೇಳಬೇಕಾದದ್ದು ಒಂದಿದೆ. ಅರವತ್ತು ವರ್ಷ, ನಿನ್ನೆಯವರೆಗೂ, ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದು. ಅದನ್ನು ಓದಿದ ಮೇಲೆ ನಿನಗೆ ನನ್ನ ಉತ್ತರವೇ ಬೇಡವಾಗಬಹುದು. ಹನ್ನೊಂದು ದಿನ ನಾನು ಲೇಖನಿ ಮುಟ್ಟದಿದ್ದದ್ದು ಅದಕ್ಕೇ.

ಮೊದಲು ಆ ಐದೂವರೆ ಹಾಳೆಯ ಲೆಕ್ಕ ಮುಗಿಸಿಬಿಡೋಣ. ನನ್ನ ಗಂಡ ನಾರ್ವಲ್ ತೀರಿಕೊಂಡ ಮೇಲೂ ಅವನ ಪುಸ್ತಕಗಳನ್ನು ನಾನು ಯಾರಿಗೂ ಕೊಟ್ಟಿಲ್ಲ. ನೆಬ್ರಾಸ್ಕಾದವರು ಒಂದೊಂದೇ ಟ್ರ್ಯಾಕ್ಟರನ್ನು ಪರೀಕ್ಷೆ ಮಾಡಿ ಬರೆದಿಟ್ಟ ಆ ಹಳೇ ಪುಸ್ತಕ ನನ್ನ ಮುಂದೆಯೇ ಇದೆ. ಎಂಜಿನ್ನಿಗೆ ಪಟ್ಟಾ ಹಾಕಿ ಅಳೆದರೆ ನಿನ್ನ ಹಸಿರಿಗೆ ಮೂವತ್ತೆಂಟರ ಆಸುಪಾಸು ಎಚ್‌ಪಿ, ನಾರ್ವಲ್‌ನ ಕೆಂಪು ಫಾರ್ಮಾಲ್ ಎಂ ಟ್ರ್ಯಾಕ್ಟರಿಗೆ ಮೂವತ್ತಾರರ ಆಸುಪಾಸು. ಸರಿಯಪ್ಪಾ, ಎರಡು ಹೆಚ್ಚು, ಒಪ್ಪಿದೆ. ಆದರೆ ಹಿಂದಿನ ಕೊಕ್ಕೆಗೆ ಭಾರ ಕಟ್ಟಿ ಅಳೆ, ಎರಡೂ ಮೂರ್ನಾಲ್ಕು ಎಚ್‌ಪಿ ಕಳೆದುಕೊಂಡು ಹೆಚ್ಚುಕಮ್ಮಿ ಸರಿಸಮ ನಿಲ್ಲುತ್ತವೆ. ‘ಮಣ್ಣು ತನ್ನ ಪಾಲು ತಿಂದೇ ಬಿಡೋದು’ ಅನ್ನುತ್ತಿದ್ದ ನನ್ನಪ್ಪ. ಎಚ್‌ಪಿ ಅಂದರೆ ಕುದುರೆಶಕ್ತಿ ಎಂದು ಯಾರಾದರೂ ಹೇಳಿದರೆ ಅವನಿಗೆ ನಗು. ‘ನನ್ನ ಹತ್ರ ಇದ್ದದ್ದು ಎರಡೇ ಕುದುರೆ. ಹಟಕ್ಕೆ ಬಿದ್ರೆ ಹತ್ತು ಕುದುರೆ, ಮುನಿಸ್ಕೊಂಡ್ರೆ ಅರ್ಧ ಕುದುರೆ. ನಿಮ್ಮ ಕಬ್ಬಿಣಕ್ಕೆ ಹಟ ಎಲ್ಲಿಂದ ಬರುತ್ತೋ?’ ನೀನು ಒಮ್ಮೆ ಅವನೊಡನೆ ಇಡೀ ಭಾನುವಾರ ಮಧ್ಯಾಹ್ನ ವಾದ ಮಾಡಿದ್ದೆ. ಅಮ್ಮ ಮಾಡಿಟ್ಟ ಹುಳಿ ರೂಬಾರ್ಬ್ ದಂಟಿನ ಪೈಯನ್ನು ಇಬ್ಬರೂ ಸೇರಿ ಖಾಲಿ ಮಾಡಿ, ಒಂದಿಂಚೂ ಒಪ್ಪದೆ ಎದ್ದಿರಿ.

ನಿಜ ಹೇಳಲೇ? ನನಗೆ ನಿನ್ನ ಟ್ರ್ಯಾಕ್ಟರಿನ ಸದ್ದೇ ಇಷ್ಟ. ನಾರ್ವಲ್‌ನ ಜೊತೆ ಐವತ್ತೆರಡು ವರ್ಷ ಬಾಳಿದೆ, ಅವನೆದುರು ಒಂದು ಸಲವೂ ಬಾಯಿ ಬಿಡಲಿಲ್ಲ. ಅವನ ನಾಲ್ಕು ಸಿಲಿಂಡರಿನದ್ದು ಒಂದೇ ಸಮನೆ ಗುಂಯ್ಗುಡುವ ಸದ್ದು. ನಿನ್ನದು ಎರಡೇ ಸಿಲಿಂಡರು, ನಿಧಾನ ತಿರುಗುವ ಎಂಜಿನ್ನು, ಪಟ್, ಪಟ್, ಪಟ್ ಎಂದು ಒಂದೊಂದನ್ನೂ ಬೇರೆ ಬೇರೆ ಎಣಿಸಬಹುದಿತ್ತು. ಭಾರ ಬಿದ್ದಷ್ಟೂ ಅದು ಅವಸರ ಮಾಡುತ್ತಿರಲಿಲ್ಲ, ಇನ್ನಷ್ಟು ನಿಧಾನಿಸಿ ಇನ್ನಷ್ಟು ಗಟ್ಟಿಯಾಗಿ ಬಡಿಯುತ್ತಿತ್ತು. ನೀನು ಎರಡು ಮೈಲಿ ಆಚೆ ನಿಮ್ಮ ಜೋಳದ ಹೊಲದಲ್ಲಿ ಉಳುತ್ತಿದ್ದರೆ ನಾನು ಬಟ್ಟೆ ಒಣಹಾಕುತ್ತ ನಿಂತಲ್ಲಿಂದಲೇ ಹೇಳುತ್ತಿದ್ದೆ, ಈಗ ಏರು ಹತ್ತುತ್ತಿದ್ದಾನೆ, ಈಗ ತಿರುವಿನಲ್ಲಿದ್ದಾನೆ ಎಂದು. ಅಮ್ಮ ನನ್ನ ಮುಖ ನೋಡಿ, ‘ಬಟ್ಟೆ ಒಣಹಾಕ್ತಿದೀಯೋ, ಟ್ರ್ಯಾಕ್ಟರ್ ಕಾಯ್ತಿದೀಯೋ?’ ಅನ್ನುತ್ತಿದ್ದಳು. ನನಗಾಗ ಇಪ್ಪತ್ತು, ನಿನಗೆ ಇಪ್ಪತ್ತೊಂದು. ಊರಿಗೆಲ್ಲ ಗೊತ್ತಿತ್ತು ನಾನು ನಿನ್ನವಳೆಂದು.

ಆ ಐವತ್ತೊಂಬತ್ತನೇ ಇಸವಿಯ ಬೇಸಿಗೆ ನೆನಪಿದೆ ತಾನೆ? ಹಳೆಯ ಜಲ್ಲಿಗುಂಡಿಯ ಹತ್ತಿರ ನೀನು ಮೇಳದ ಟ್ರ್ಯಾಕ್ಟರ್ ಭಾರ ಎಳೆಯುವ ಸ್ಪರ್ಧೆಗೆಂದು ದಿನಾ ಸಂಜೆ ಅಭ್ಯಾಸ ಮಾಡುತ್ತಿದ್ದೆ. ಎಂಜಿನ್ನಿನ ಪಕ್ಕದ ಫ್ಲೈವೀಲ್ ಚಕ್ರವನ್ನು ಕೈಯಿಂದ ತಿರುಗಿಸಿ ಚಾಲೂ ಮಾಡುವುದನ್ನು ನನಗೂ ಕಲಿಸಿದ್ದೆ. ಹಿಂದಿನ ಕೊಕ್ಕೆಗೆ ಒಂದರ ಮೇಲೊಂದು ನಾಲ್ಕು ತೂತು. ಮೇಲಿನ ತೂತಿಗೆ ಭಾರ ಕಟ್ಟುವ ಪಿನ್ನು ಹಾಕಿದಷ್ಟೂ ಹಿಂದಿನ ಚಕ್ರ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ, ಆದರೆ ಮುಂದಿನ ಚಕ್ರ ಮೇಲೇಳುತ್ತದೆ. ಒಂದು ದಿನ ನೀನು ನಾಲ್ಕನೆಯದಕ್ಕೆ ಹಾಕಿದೆ. ಟ್ರ್ಯಾಕ್ಟರು ಎದ್ದು ನಿಂತಿತು. ನಾನು ಕಿರುಚಿದ್ದು ಆಚೆ ಊರಿಗೂ ಕೇಳಿಸಿರಬೇಕು. ಕ್ಲಚ್ಚಿನ ಕೋಲನ್ನು ಹಿಂದಕ್ಕೆ ಎಳೆದು ನೀನು ಹೇಗೋ ಉಳಿದೆ. ಇಳಿದು ಬಂದು ಹಲ್ಲು ಕಿರಿದು ‘ಏನೂ ಆಗ್ಲಿಲ್ಲ ಕಣೇ’ ಅಂದೆ. ನಿನ್ನ ಕೆನ್ನೆಗೆ ಒಂದು ಬಾರಿಸಿದೆ ನಾನು. ‘ಮೂರನೇದಕ್ಕಿಂತ ಮೇಲೆ ಹಾಕಿದ್ರೆ ನನ್ನ ಮುಖ ನೋಡ್ಬೇಡ’ ಅಂದೆ. ನೀನು ಮಾತು ಕೊಟ್ಟೆ.

ಮೇಳಕ್ಕೆ ನಾಲ್ಕು ದಿನ ಇರುವಾಗ ನೀನು ಓಡೋಡಿ ಬಂದೆ. ಟ್ರ್ಯಾಕ್ಟರ್ ಅಂಗಡಿಯವನು ನಿನಗೊಂದು ಮಾತು ಕೊಟ್ಟಿದ್ದ. ಮೇಳದಲ್ಲಿ ಊರೆದುರು ನಿನ್ನ ಹಸಿರು ಗೆದ್ದರೆ, ಎರಡೂ ಡಕೋಟಾ ಮತ್ತು ಮೊಂಟಾನಾ ಸುತ್ತಿ ರೈತರ ಮುಂದೆ ಟ್ರ್ಯಾಕ್ಟರ್ ಓಡಿಸಿ ತೋರಿಸುವ ಕೆಲಸ ನಿನಗೆ. ನಿನ್ನ ಕಣ್ಣಲ್ಲಿ ಆಗಲೇ ಮೊಂಟಾನಾ ಇತ್ತು. ‘ಒಂದೆರಡು ವರ್ಷ ಅಷ್ಟೇ ಕಣೇ, ಆಮೇಲೆ ಬಂದ್ಬಿಡ್ತೀನಿ’ ಅಂದೆ. ನಾನು ಕಾದೆ ಟಿಲ್ಮನ್. ಮುಂದಿನ ಮಾತು ಬರುತ್ತದೆ ಎಂದು ಕಾದೆ. ‘ನೀನೂ ಬರ್ತೀಯಾ?’ ಎಂದು ನೀನು ಕೇಳಿದ್ದರೆ ಉಟ್ಟ ಬಟ್ಟೆಯಲ್ಲಿ ಬರುತ್ತಿದ್ದೆ. ನೀನು ಕೇಳಲಿಲ್ಲ. ಟೈರಿನ ಗಾಳಿಯ ವಿಷಯ ಮಾತಾಡುತ್ತ ಹೊರಟುಹೋದೆ.

ಈಗ ಆ ದಿನದ ಮಾತು. ಈಗಿನ ಸ್ಪರ್ಧೆಗಳಲ್ಲಿ ಭಾರ ತಾನಾಗಿ ಮುಂದೆ ಸರಿಯುವ ಚಕ್ರದ ಬಂಡಿ ಬಂದಿದೆ. ನಮ್ಮ ಕಾಲದಲ್ಲಿ ಹೊಲದ ಕಲ್ಲು ಸಾಗಿಸುವ ದಪ್ಪ ಮರದ ಹಲಗೆ, ಅದರ ಮೇಲೆ ಭಾರ ನಮ್ಮೂರಿನ ಜನರೇ. ಹತ್ತು ಹತ್ತು ಅಡಿಗೆ ಒಂದೊಂದು ಬಾವುಟ, ಬಾವುಟಕ್ಕೊಬ್ಬರು. ಹಲಗೆಯ ಮೂತಿ ನಿನ್ನ ಬಾವುಟಕ್ಕೆ ಬಂದಾಗ ನೀನು ಹತ್ತಬೇಕು, ಒಂದಂಗುಲ ಮೊದಲೂ ಅಲ್ಲ, ನಂತರವೂ ಅಲ್ಲ. ಹೀಗೆ ಒಬ್ಬೊಬ್ಬರೇ ಹತ್ತುತ್ತ ಹತ್ತುತ್ತ, ಟ್ರ್ಯಾಕ್ಟರು ಇನ್ನು ಆಗದು ಎಂದು ನಿಂತಲ್ಲಿಗೆ ಅಳತೆ. ಆ ವರ್ಷ ಗಂಡಸರು ಸಾಲದೆ ಹೋದರು. ತೀರ್ಪುಗಾರ ಹಿಲ್ಮರ್ ಚರ್ಚಿನ ಪೈ ಮೇಜಿನ ಹತ್ತಿರ ಬಂದು ನನ್ನನ್ನು ಕರೆದ.

‘ಬಾರೇ ಆರ್ಡಿಸ್, ಇಪ್ಪತ್ತಮೂರನೇ ಬಾವುಟ ಖಾಲಿ ಇದೆ. ನಿನ್ನ ತೂಕ ಎಷ್ಟು?’

‘ಹೆಂಗಸರನ್ನ ಕೇಳೋ ಪ್ರಶ್ನೆನಾ ಅದು?’

‘ಹಾಗಾದ್ರೆ ನೂರೈವತ್ತು ಪೌಂಡು ಅಂತ ಬರ್ಕೋತೀನಿ.’

‘ನೂರಿಪ್ಪತ್ತೆಂಟು!’ ಎಂದು ನಾನು ಕೂಗಿದ್ದಕ್ಕೆ ಸುತ್ತಲಿದ್ದವರೆಲ್ಲ ನಕ್ಕಿದ್ದರು.

ಉಳಿದವರೆಲ್ಲ ಸೋತು ಕೊನೆಗೆ ಉಳಿದದ್ದು ನೀವಿಬ್ಬರು. ನಾರ್ವಲ್ ಮೊದಲು ಎಳೆದ. ಅವನ ಹಲಗೆಗೆ ನಾನು ಸರಿಯಾಗಿ ಬಾವುಟದ ಹತ್ತಿರವೇ ಹತ್ತಿದೆ. ಬಾವುಟ ದಾಟಿ ಒಂದು ಗೇಣು ಹೋಗಿ ಕೆಂಪು ನಿಂತಿತು. ನೀನು ಅದಕ್ಕಿಂತ ಒಂದು ಗೇಣು ಮುಂದೆ ಹೋದರೆ ಸಾಕಿತ್ತು.

ನಿನ್ನದು ಹೊರಟಾಗ ಆ ಸದ್ದು ಕೇಳಿಯೇ ನನಗೆ ಗೊತ್ತಾಯಿತು. ಒಬ್ಬೊಬ್ಬರು ಹತ್ತಿದಾಗಲೂ ಅದು ಒಂದು ಬಡಿತ ನಿಧಾನವಾಗುತ್ತಿತ್ತು, ಆದರೆ ದಣಿಯುತ್ತಿರಲಿಲ್ಲ. ಮುಂದಿನ ಚಕ್ರ ನೆಲವನ್ನು ಸವರುವಷ್ಟೇ ಮೇಲೆದ್ದಿತ್ತು. ಇಪ್ಪತ್ತು, ಇಪ್ಪತ್ತೊಂದು. ಇಪ್ಪತ್ತೆರಡನೇ ಬಾವುಟದಲ್ಲಿ ನಮ್ಮ ಧಾನ್ಯದ ಗಿರಣಿಯ ಆ ದಢೂತಿ ಮನುಷ್ಯ ಹತ್ತಿದ. ಆದರೂ ಪಟ್, ಪಟ್, ಪಟ್. ಇವನು ಗೆಲ್ಲುತ್ತಾನೆ, ಇವನು ಹೋಗಿಬಿಡುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಗೆಲ್ಲುವ ನಿನ್ನ ಮುಖ ಕಾಣಿಸುತ್ತಿರಲಿಲ್ಲ, ಬೆನ್ನು ಮಾತ್ರ.

ನಾನು ಬಾವುಟ ಬಿಟ್ಟು ಬರುತ್ತಿದ್ದ ಹಲಗೆಯ ಕಡೆಗೆ ನಡೆದೆ. ಹಲಗೆ ಬಾವುಟಕ್ಕೆ ಇನ್ನೂ ಐದು ಅಡಿ ದೂರ ಇರುವಾಗಲೇ ಅದರ ಮೇಲೆ ಜಿಗಿದೆ. ಹತ್ತಲಿಲ್ಲ ಟಿಲ್ಮನ್, ಜಿಗಿದೆ. ಎರಡೂ ಕಾಲು ಕೂಡಿಸಿ, ನನ್ನಲ್ಲಿದ್ದ ನೂರಿಪ್ಪತ್ತೆಂಟು ಪೌಂಡೂ ಬೀಳುವ ಹಾಗೆ.

ಬಡಿತ ತಪ್ಪಿತು. ಹಿಂದಿನ ಚಕ್ರ ಜಾರಿ ಮಣ್ಣು ಅಗೆಯಿತು. ಇನ್ನು ಮೂರು ಅಡಿ ಹೋಗಿ ನಿಂತಿತು. ಬಾವುಟಕ್ಕೆ ಎರಡು ಅಡಿ ಬಾಕಿ.

ಧೂಳಿನಲ್ಲಿ ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ಹಿಲ್ಮರ್ ಮಾತ್ರ ಟೇಪು ಹಿಡಿದುಕೊಂಡು ನನ್ನ ಹತ್ತಿರ ಬಂದ. ‘ಆರ್ಡಿಸ್, ನೀನು ಮೊದ್ಲೇ ಹತ್ತಿದ್ಯಾ?’ ಎಂದು ಕೇಳಿದ. ‘ಇಲ್ಲ’ ಅಂದೆ. ಅವನು ತಲೆಯಾಡಿಸಿದ. ಟಿಲ್ಮನ್‌ನ ಹುಡುಗಿ ಟಿಲ್ಮನ್‌ನನ್ನೇ ಸೋಲಿಸುತ್ತಾಳೆಯೇ? ನಿನ್ನವಳೆಂದೇ ನನ್ನ ಮಾತನ್ನು ನಂಬಿದರು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನನ್ನ ಲೆಕ್ಕ ಏನಿತ್ತು ಗೊತ್ತೇ? ಸೋತರೆ ಕೆಲಸ ಸಿಗುವುದಿಲ್ಲ, ಸಿಗದಿದ್ದರೆ ನೀನು ಇಲ್ಲೇ ಇರುತ್ತೀಯ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೇ ದಿನ ಬಂದು ಪೈ ತಿನ್ನುತ್ತೀಯ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಊರೆದುರು ಸೋತವನು ನೀನು ಯಾರ ಮುಖವನ್ನೂ ನೋಡಲಾರದೆ ಹೋದೆ. ಗೋಧಿ ಕೊಯ್ಲಿನ ಗುಂಪೊಂದು ಪಶ್ಚಿಮಕ್ಕೆ ಹೊರಟಾಗ ಅವರ ಲಾರಿ ಹತ್ತಿಬಿಟ್ಟೆ. ಗೆದ್ದಿದ್ದರೆ ಎರಡು ವರ್ಷಕ್ಕೆ ಬರುತ್ತಿದ್ದೆಯೋ ಏನೋ. ಸೋತು ಹೋದವನು ಬರಲೇ ಇಲ್ಲ. ನಿನ್ನನ್ನು ಹಿಡಿದಿಟ್ಟುಕೊಳ್ಳಲು ಹೋಗಿ ನಾನೇ ನಿನ್ನನ್ನು ಓಡಿಸಿದೆ.

ಬರೆಯಬಹುದಿತ್ತಲ್ಲ ಎನ್ನುತ್ತೀಯ. ಎರಡು ಸಲ ಬರೆದು ಒಲೆಗೆ ಹಾಕಿದೆ. ಆಮೇಲೆ ನಾರ್ವಲ್ ಬಂದ. ಅವನನ್ನು ಬೇರೆ ದಾರಿಯಿಲ್ಲದೆ ಮದುವೆಯಾದೆ ಎಂದು ತಿಳಿಯಬೇಡ. ಅವನು ಬಲು ಒಳ್ಳೆಯವನು. ನನ್ನನ್ನು ನಗಿಸಿದ, ಮೂರು ಮಕ್ಕಳನ್ನು ನನ್ನ ಸಮಕ್ಕೆ ಎತ್ತಿ ಆಡಿಸಿದ, ನನ್ನ ಅಮ್ಮ ಹಾಸಿಗೆ ಹಿಡಿದಾಗ ನನಗಿಂತ ಹೆಚ್ಚು ಅವನೇ ನೋಡಿಕೊಂಡ. ಅವನಿದ್ದಾಗ ನಿನ್ನ ನೆನಪು ನನಗೆ ಎದೆನೋವಾಗಿರಲಿಲ್ಲ. ಆದರೆ ಆ ತಪ್ಪು ಹಾಗೇ ಇತ್ತು. ಅವನು ಜೀವಮಾನದಲ್ಲಿ ಗೆದ್ದದ್ದು ಆ ಮೇಳದ ಬಹುಮಾನದ ಕಪ್ಪೊಂದೇ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಟರ್ಕಿ ಕೋಳಿ ಕೊಯ್ಯುತ್ತ ಅದೇ ಕಥೆ. ‘ಎರಡು ಅಡಿ ಒಂದು ಗೇಣು! ಅಷ್ಟರಲ್ಲಿ ಗೆದ್ದೆ! ಅವನದ್ದಕ್ಕೆ ಎರಡು ಎಚ್‌ಪಿ ಜಾಸ್ತಿ ಇದ್ದದ್ದು ನೆನಪಿರ್ಲಿ!’ ಮಕ್ಕಳು ಆ ಮಾತನ್ನು ಅವನಿಗಿಂತ ಮೊದಲೇ ಹೇಳಿ ಕುಣಿಯುತ್ತಿದ್ದರು. ಪ್ರತಿ ಶನಿವಾರ ಆ ಕಪ್ಪಿನ ಧೂಳು ಒರೆಸಿದ್ದು ನಾನು. ಸತ್ಯ ಹೇಳಿ ಆ ನಗುವನ್ನು ಹೇಗೆ ಕಿತ್ತುಕೊಳ್ಳಲಿ? ಅವನು ಕಣ್ಣು ಮುಚ್ಚುವವರೆಗೂ ಬಾಯಿ ಬಿಡಲಿಲ್ಲ. ಆಮೇಲೂ ಬಿಡುತ್ತಿರಲಿಲ್ಲವೇನೋ, ನಿನ್ನ ಪತ್ರದ ನಾಲ್ಕನೇ ಹಾಳೆ ಓದದೇ ಇದ್ದಿದ್ದರೆ.

ಅಲ್ಲಿ ನೀನು ಬರೆದಿದ್ದೀಯ: ‘ಆವತ್ತು ನಾಲ್ಕನೇ ತೂತಿಗೆ ಹಾಕ್ಬೇಕಿತ್ತು. ಹೆದರಿ ಮೂರಕ್ಕೆ ಹಾಕ್ದೆ. ಹೆದರಿದ್ದಕ್ಕೆ ಸೋತೆ. ಅರವತ್ತು ವರ್ಷದಿಂದ ನಾನು ಯಾವ ಕೆಲಸಕ್ಕೆ ಕೈ ಹಾಕಿದ್ರೂ ಆ ಮಾತು ಕಿವೀಲಿ ಹೇಳುತ್ತೆ, ನೀನು ಹೆದರುಪುಕ್ಕಲ ಅಂತ.’ ನಿನ್ನ ಮಗನಿಗೂ ಅದನ್ನೇ ಹೇಳಿ ಬೆಳೆಸಿದೆಯಂತೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ಬೇಡಿಕೊಂಡದ್ದಕ್ಕೆ, ನನಗೆ ಕೊಟ್ಟ ಮಾತಿಗೆ ನೀನು ಮೂರಕ್ಕೆ ಹಾಕಿದೆ. ಆಮೇಲೆ ನಾನೇ ಬಂದು ನಿನ್ನ ಹಲಗೆಯ ಮೇಲೆ ಜಿಗಿದೆ.

ಆದ್ದರಿಂದ ಸರಿಯಾಗಿ ಓದಿಕೋ. ಮೂರನೇ ತೂತು ಸರಿಯಾಗಿಯೇ ಇತ್ತು. ಟೈರಿನ ಗಾಳಿ ಸರಿಯಿತ್ತು, ಕ್ಲಚ್ಚು ಬಿಟ್ಟದ್ದು ಸರಿಯಿತ್ತು. ನಾನು ನನ್ನ ಜಾಗದಲ್ಲಿ ನಿಂತಿದ್ದರೆ ನೀನು ಗೆಲ್ಲುತ್ತಿದ್ದೆಯೋ ಇಲ್ಲವೋ ಆ ದೇವರಿಗೇ ಗೊತ್ತು. ಆದರೆ ಆ ಸದ್ದು ನನಗೆ ಗೊತ್ತು ಕಣೋ, ಅದರಲ್ಲಿ ಇನ್ನೂ ಕಸುವಿತ್ತು. ನೀನು ಹೆದರಲಿಲ್ಲ. ಹೆದರಿದವಳು ನಾನು.

ಇದನ್ನು ನಿನಗೊಬ್ಬನಿಗೇ ಗುಟ್ಟಾಗಿ ಹೇಳಿ ಮುಗಿಸುವುದು ಸುಲಭವಿತ್ತು. ಆ ಸುಲಭದ ದಾರಿ ಬೇಡವೆಂದೇ ನಿನ್ನೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ನಮ್ಮ ಹಿರಿಯ ಮಗ ಡ್ಯಾರಿಲ್‌ಗೆ ಹೇಳಿದೆ. ಅವನೀಗ ಮೇಳದ ಸಮಿತಿಯಲ್ಲಿದ್ದಾನೆ, ಥೇಟ್ ಅಪ್ಪನದ್ದೇ ಮುಖ. ಲೋಟ ಕೆಳಗಿಟ್ಟ. ‘ಅಪ್ಪನಿಗೆ ಗೊತ್ತಿತ್ತಾ?’ ಎಂದು ಕೇಳಿದ. ಇಲ್ಲ ಅಂದೆ. ‘ಒಳ್ಳೇದಾಯ್ತು’ ಎಂದು ಎದ್ದುಹೋದ. ಸಂಜೆ ಮತ್ತೆ ಬಂದು ‘ಅಮ್ಮಾ, ಮೇಳದ ದಾಖಲೆ ಪುಸ್ತಕದಲ್ಲಿ ಆ ವರ್ಷದ ಮುಂದೆ ಒಂದು ಸಾಲು ಸೇರಿಸ್ತೀವಿ. ನಿನ್ನ ಹೆಸರು ಬರೀಬೇಕಾಗುತ್ತೆ’ ಅಂದ. ಬರಿ ಅಂದೆ. ನನ್ನೊಡನೆ ಊಟಕ್ಕೆ ಮಾತ್ರ ಕೂರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಉಣ್ಣುತ್ತಿದ್ದೇನೆ. ಕಪ್ಪನ್ನು ನಿನಗೆ ಕಳಿಸುವುದಿಲ್ಲ. ನಾರ್ವಲ್ ತನ್ನ ಪಾಲಿನದ್ದನ್ನು ನ್ಯಾಯವಾಗಿಯೇ ಎಳೆದ, ಅದು ಅವನದ್ದು.

ಇನ್ನು ನಿನ್ನ ಪ್ರಶ್ನೆ. ಆರನೇ ಹಾಳೆಯ ಕೆಳಗೆ ‘ಬರ್ತೀಯಾ’ ಎಂದು ಓದಿದಾಗ ನಾನು ಯಾಕೆ ಅತ್ತೆ ಎಂದು ಈಗ ನಿನಗೆ ತಿಳಿದಿರಬೇಕು. ಆ ಒಂದು ಪದಕ್ಕಾಗಿ ನಾನು ಒಬ್ಬ ಹುಡುಗನ ಬದುಕನ್ನು ಎರಡು ಅಡಿ ಹಿಂದೆ ನಿಲ್ಲಿಸಿದ್ದೆ. ಆದರೆ ಅದನ್ನು ಕೇಳಿದವನು ಇದೆಲ್ಲ ಗೊತ್ತಿಲ್ಲದ ಟಿಲ್ಮನ್. ಅವನಿಗೆ ಉತ್ತರ ಕೊಟ್ಟರೆ ಅದು ನಾನು ನಿನಗೆ ಮಾಡುವ ಎರಡನೇ ಮೋಸ. ಗೊತ್ತಾದ ಟಿಲ್ಮನ್ ಬೇಕಾದರೆ ಇನ್ನೊಮ್ಮೆ ಕೇಳಲಿ. ಫೋನು ಬೇಡ, ನನ್ನ ಕಿವಿ ಮಂದ, ನಿನ್ನ ಮಾತು ಮೊದಲೇ ಗೊಣಗು. ಕಾಗದದ ಮೇಲೆ ಬರೆ, ಟ್ರ್ಯಾಕ್ಟರಿನ ಸುದ್ದಿಯಿಲ್ಲದೆ, ಒಂದೇ ಸಾಲು. ಬರೆಯದಿದ್ದರೆ ನಾನು ತಪ್ಪು ತಿಳಿಯುವುದಿಲ್ಲ, ದೇವರಾಣೆ. ಸಿಟ್ಟು ಮಾಡಿಕೊಳ್ಳುವ ಹಕ್ಕು ನಿನಗಿದೆ, ಎಷ್ಟು ಬೇಕೋ ಅಷ್ಟು ಮಾಡಿಕೋ.

ಮೊದಲ ಹಿಮ ಬೀಳುವ ಮುನ್ನ ನಿನ್ನ ಮನಸ್ಸು ಹಗುರಾಗಲಿ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಹಾರೈಸುವ,

ಆರ್ಡಿಸ್

ಮರೆತಿದ್ದೆ. ಪೆಟ್ಟಿಗೆ ಕಟ್ಟಿಟ್ಟಿದ್ದೀಯಾ ಎಂದು ನೀನು ಕೇಳಿದರೆ, ಇಲ್ಲ ಅನ್ನಲಾರೆ. ಸುಳ್ಳು ಹೇಳಿದ್ದು ಒಂದು ಸಲ ಸಾಕು.